ಪೇರಳೆ ಕೋಲಿನ ಬಿಲ್ಲು

ಈ ಎರಡು ತುಂಡು ನೋಡಿ. ಕಳೆದ ವರ್ಷ ನಾನು ಮಾಡಿದ ಬಿಲ್ಲು ಇದು. ಮೂರನೇ ಸಲ ಎಳೆದದ್ದೇ, ಟಪ್ ಅಂತ ಮುರಿಯಿತು. ಒಂದು ತುಂಡು ಹಾರಿ ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯ ಮೇಲೆ ಬಿತ್ತು. ಅಜ್ಜ ಜಗಲಿಯಿಂದಲೇ ಕೇಳಿದರು, "ಯುದ್ಧ ಮುಗಿಯಿತಾ ಮಾರಾಯಾ?"

ಈ ಸಲ ಮುರಿಯಬಾರದು.

ಇದು ಬದಿಯಡ್ಕದ ಹತ್ತಿರ ನಮ್ಮ ತೋಟ. ಇಲ್ಲೊಂದು ಪೇರಳೆ ಮರ ಇತ್ತು. ಕಡಿದ ಮೇಲೆ ಬುಡದಿಂದ ಚಿಗುರು ಬಂದು, ಬೆಳಕು ಹುಡುಕಿಕೊಂಡು ಅಡಿಕೆ ಮರಗಳ ನಡುವೆ ನೆಟ್ಟಗೆ ಮೇಲೆ ಹೋಗಿದೆ. ನಮಗೆ ಬೇಕಾದದ್ದು ಇಂಥದ್ದೇ. ಮಣಿಕಟ್ಟಿನಷ್ಟು ದಪ್ಪ, ಐದೂವರೆ ಅಡಿ ಉದ್ದ, ಗಂಟು ಕಡಿಮೆ. ಪೇರಳೆ ಗಟ್ಟಿ, ಆದರೆ ಬಳುಕುತ್ತದೆ. ಚಿಕ್ಕಂದಿನಲ್ಲಿ ಕ್ಯಾಟರ್ ಬಿಲ್ಲಿಗೂ ಪೇರಳೆಯ ಕವಲನ್ನೇ ಹುಡುಕುತ್ತಿದ್ದೆವು, ಅಲ್ವಾ?

ಕಡಿದದ್ದು ಡಿಸೆಂಬರಿನಲ್ಲಿ. ಎರಡೂ ತುದಿಗೆ ಮೇಣ ಬಳಿದೆ, ಇಲ್ಲದಿದ್ದರೆ ಅಲ್ಲಿಂದ ಬೇಗ ಒಣಗಿ ಸೀಳು ಬಿಡುತ್ತದೆ. ಮಾರ್ಚ್ ತನಕ ಅಟ್ಟದಲ್ಲಿಟ್ಟೆ. ಹಸಿ ಕೋಲಾದರೆ ಬಗ್ಗಿದ್ದು ಬಗ್ಗಿದ ಹಾಗೇ ಉಳಿಯುತ್ತದೆ, ವಾಪಸ್ ಚಿಮ್ಮುವುದಿಲ್ಲ.

ಈಗ ನಾನು ಮಾಡಿದ ತಪ್ಪಿಗೆ ಬರೋಣ. ಬಿಲ್ಲು ಹಿಡಿದಾಗ ಗುರಿಯ ಕಡೆ ಇರುವುದು ಬೆನ್ನು. ನಮ್ಮ ಕಡೆ ಇರುವುದು ಹೊಟ್ಟೆ. ಎಳೆದರೆ ಬೆನ್ನಿನ ನಾರು ಹಿಗ್ಗುತ್ತದೆ, ಹೊಟ್ಟೆಯದ್ದು ಅದುಮಿಕೊಳ್ಳುತ್ತದೆ. ಬೆನ್ನಿನ ನಾರು ಎಲ್ಲಾದರೂ ತುಂಡಾಗಿದ್ದರೆ ಅಲ್ಲಿಂದಲೇ ಸಿಗಿಯುತ್ತದೆ. ನಾನೋ, ಚಂದ ಕಾಣಲಿ ಅಂತ ಬೆನ್ನಿಗೇ ಕೀಸುಳಿ ಹಾಕಿದ್ದೆ! ಈ ಸಲ ಆ ಕಡೆ ತೊಗಟೆ ಮಾತ್ರ ಸುಲಿದೆ. ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಜವುಗಿನಲ್ಲಿ 1944ರಲ್ಲಿ ಸಿಕ್ಕಿದ ಬಿಲ್ಲುಗಳು ಸುಮಾರು 9000 ವರ್ಷ ಹಳೆಯವು. ಅವೂ ಎಲ್ಮ್ ಮರದ ಸಣ್ಣ ಕಾಂಡದಲ್ಲಿ ಮಾಡಿದವೇ. ಆಗಲೇ ಅವರಿಗೆ ಗೊತ್ತಿದ್ದದ್ದು ನನಗೆ ಹೋದ ವರ್ಷ ಗೊತ್ತಿರಲಿಲ್ಲ.

ನಡುವೆ ಹಿಡಿಗೆ 4 ಇಂಚು ಮುಟ್ಟದೆ ಬಿಟ್ಟು, ಹೊಟ್ಟೆ ಕಡೆ ಮಾತ್ರ ಕತ್ತಿಯಲ್ಲಿ ಕೆತ್ತಿದೆ. ತುದಿಗೆ ಹೋದ ಹಾಗೆ ತೆಳು. ಆಮೇಲೆ ನಡು ಭಾಗವನ್ನು ಕಂಬಕ್ಕೆ ಕಟ್ಟಿ, ತುದಿಗಳಿಗೆ ಸಡಿಲವಾಗಿ ಹಗ್ಗ ಹಾಕಿ, ಸ್ವಲ್ಪ ಎಳೆದು, ದೂರ ನಿಂತು ನೋಡುವುದು. ಬಗ್ಗದ ಕಡೆ ಒಡೆದ ಗಾಜಿನ ಚೂರಿನಲ್ಲಿ ಹೆರೆಯುವುದು. ಜಾಸ್ತಿ ಬಗ್ಗುವ ಕಡೆ ಕೈ ಹಾಕಲೇಬಾರದು. ಮತ್ತೆ ಒಂದಿಂಚು ಜಾಸ್ತಿ ಎಳೆಯುವುದು. ಮತ್ತೆ ನೋಡುವುದು. ನಿಮಗೆ ಈ ವಿಡಿಯೋದಲ್ಲಿ 20 ಸೆಕೆಂಡಿನಲ್ಲಿ ಓಡಿಸಿದ್ದೇನೆ, ನನಗೆ ಮೂರು ಮಧ್ಯಾಹ್ನ ಹೋಯಿತು. ಕುಂಬಳೆ ಸೀಮೆಯವರು ನಾವು, ಬಯಲಾಟದ ಅರ್ಜುನನ ಬಿಲ್ಲು ನೋಡಿಯೇ ಬೆಳೆದವರು. ಅದು ಬಗ್ಗದಿದ್ದರೂ ನಡೆಯುತ್ತದೆ, ಭಾಗವತರ ಪದ ಇದೆಯಲ್ಲ. ಇದು ಬಗ್ಗಲೇಬೇಕು.

"ಎಡಗಡೆಯದ್ದು ಸೆಟೆದುಕೊಂಡಿದೆ," ಅಂದರು ಅಜ್ಜ, ಪೇಪರಿನಿಂದ ತಲೆ ಎತ್ತಿ. ಹೌದು. ನನ್ನ ಕಣ್ಣಿಗೆ ಅದು ಬಿದ್ದಿರಲೇ ಇಲ್ಲ.

ಹೆದೆಗೆ ನೈಲಾನ್ ದಾರ. ಬಿಲ್ಲಿಗೂ ಹೆದೆಗೂ ನಡುವೆ 6 ಇಂಚು ಅಂತರ. ಅಡಿಕೆ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ 22 ಇಂಚು ಎಳೆದೆ, 11 ಕಿಲೋ ತೋರಿಸಿತು. ಬಾಣ ಓಟೆ ಬಿದಿರಿನದ್ದು. ಗುರಿ, ತೆಂಗಿನ ಸಿಪ್ಪೆ ತುಂಬಿದ ಗೋಣಿ.

ಮೊದಲ ಬಾಣ ಗೋಣಿಗೇ ಹೋಯಿತು. ಎರಡನೆಯದಕ್ಕೆ ಅಜ್ಜ ಕೈ ಚಾಚಿದರು. "ಅಜ್ಜಾ, ಬಾಣ ಇಲ್ಲದೆ ಸುಮ್ನೆ ಎಳೆದು ಬಿಡಬೇಡಿ, ಬಿಲ್ಲು ಮುರಿದೀತು," ಅಂದೆ.

"ಗೊತ್ತುಂಟು, ಗೊತ್ತುಂಟು."

ಬಾಣ ಗೋಣಿಯನ್ನು ದಾಟಿ, ಹಿಂದಿನ ಹಲಸಿನ ಮರದ ಕಾಯಿಗೆ ಚುಚ್ಚಿಕೊಂಡಿತು. ಅಜ್ಜ ಬಿಲ್ಲು ಕೈಗೆ ಕೊಟ್ಟು ಜಗಲಿಗೆ ಹೋದರು. ಗುರಿ ಇಟ್ಟದ್ದು ಹಲಸಿಗೇ ಅಂತೆ.