ಪೇಸ್ಲಿಪ್‌ನಲ್ಲಿ ಪಿಎಫ್ ಕಟ್ ಆಗಿದೆ, ಸರಿ. ಪಾಸ್‌ಬುಕ್ ನೋಡಿದ್ದೀರಾ?

ನೀವು ನೋಡುತ್ತಿರುವುದು ಬೆಂಗಳೂರಿನ ಕಾರ್ಖಾನೆಗಳ ಏರಿಯಾ ಪೀಣ್ಯ, ಬೆಳಗಿನ ಟ್ರಾಫಿಕ್. ಇವತ್ತು ತಾರೀಖು 14. ಪೇರೋಲ್ ಕೆಲಸ ಮಾಡುವವರಿಗೆ ಅಷ್ಟು ಹೇಳಿದರೆ ಸಾಕು, ತಲೆಬಿಸಿ ಶುರು. ನಾಳೆ 15, ಹೋದ ತಿಂಗಳ ಪಿಎಫ್ ಕಟ್ಟಲು ಕೊನೆ ದಿನ. ಮೊದಲೆಲ್ಲ ಇದರ ಮೇಲೆ ಐದು ದಿನ ಸಲುಗೆ ಇತ್ತು, 2016ರಲ್ಲಿ ಅದನ್ನೂ ತೆಗೆದುಹಾಕಿದರು.

ಸಣ್ಣಪುಟ್ಟ ಕಾರ್ಖಾನೆಗಳ ಸಂಬಳದ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಇವತ್ತು ತಿಂಡಿ, ಟ್ರಿಪ್ ಏನೂ ಇಲ್ಲ, ಬರೀ ಪಿಎಫ್. ಸ್ಕಿಪ್ ಮಾಡಬೇಡಿ, ನಿಮ್ಮದೇ ದುಡ್ಡಿನ ವಿಷಯ.

ಈ ಪೇಸ್ಲಿಪ್ ನೋಡಿ, ಹೆಸರು ಮರೆಮಾಡಿದ್ದೇನೆ. ಬೇಸಿಕ್ 18,000. ಅದರ 12% ಅಂದರೆ 2,160 ರೂಪಾಯಿ ಕಟ್ ಆಗಿದೆ. ಮಾಲೀಕರೂ ಅಷ್ಟೇ, 2,160 ಹಾಕುತ್ತಾರೆ. ಆದರೆ ಪಾಸ್‌ಬುಕ್ ತೆರೆದರೆ ಮಾಲೀಕರ ಕಾಲಂನಲ್ಲಿ ಬರೀ 910 ಕಾಣುತ್ತದೆ, ಆಗ ಶುರುವಾಗುತ್ತದೆ ನೋಡಿ, "ಮೇಡಂ, ಕಂಪನಿಯವರು ನನ್ನ ದುಡ್ಡು ತಿಂದಿದ್ದಾರೆ" ಅಂತ ಫೋನ್. ತಿಂದಿಲ್ಲ. ಪಕ್ಕದಲ್ಲೇ ಪೆನ್ಷನ್ ಅಂತ ಇನ್ನೊಂದು ಕಾಲಂ ಇದೆ, ಉಳಿದ 1,250 ಅಲ್ಲಿದೆ. ಮಾಲೀಕರ ಪಾಲಿನಲ್ಲಿ 8.33% ಪೆನ್ಷನ್ ನಿಧಿಗೆ ಹೋಗುತ್ತದೆ, ಅದೂ 15,000 ರೂಪಾಯಿ ಮಿತಿಯ ಮೇಲೆ ಲೆಕ್ಕ ಹಾಕಿ. 2014ರ ಸೆಪ್ಟೆಂಬರ್‌ಗೆ ಮುಂಚೆ ಈ ಮಿತಿ 6,500 ಇತ್ತು.

ಇದರ ಜೊತೆಗೆ ವಿಮೆಗೆ ಅರ್ಧ ಪರ್ಸೆಂಟ್, ಆಡಳಿತ ವೆಚ್ಚಕ್ಕೆ ಅರ್ಧ ಪರ್ಸೆಂಟ್ ಕೂಡ ಮಾಲೀಕರ ತಲೆಗೇ. ಆ ವಿಮೆ ಬಗ್ಗೆ ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ. ಕೆಲಸದಲ್ಲಿದ್ದಾಗ ನೌಕರ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ಬರುತ್ತದೆ. ನಾಮಿನಿ ಹೆಸರು ಹಾಕಿದ್ದೀರಾ ಅಂತ ಇವತ್ತೇ ನೋಡಿಕೊಳ್ಳಿ.

ಸರಿ, ಒಂದು ಕಡೆ ಇಪ್ಪತ್ತು ಜನ ಕೆಲಸಕ್ಕೆ ಇದ್ದರೆ ಪಿಎಫ್ ಕಡ್ಡಾಯ. ಇದರಲ್ಲಿ ಕಾಂಟ್ರಾಕ್ಟ್ ಮೇಲೆ ಬಂದವರೂ ಸೇರುತ್ತಾರೆ. ಕೆಲವು ಮಾಲೀಕರು ಹತ್ತೊಂಬತ್ತಕ್ಕೇ ರಿಜಿಸ್ಟರ್ ನಿಲ್ಲಿಸಿ, ಉಳಿದವರನ್ನು ಕಾಂಟ್ರಾಕ್ಟರ್ ಹೆಸರಲ್ಲಿ ಬರೆದುಕೊಂಡು ಜಾಣರಾದೆವು ಅಂದುಕೊಳ್ಳುತ್ತಾರೆ. ಕಾಂಟ್ರಾಕ್ಟರ್ ಕೈಕೊಟ್ಟರೆ ಆ ಪಿಎಫ್‌ಗೂ ಕೆಲಸ ಮಾಡಿಸಿಕೊಂಡವರೇ ಹೊಣೆ. ಒಂದು ಸಲ ವ್ಯಾಪ್ತಿಗೆ ಬಂದ ಮೇಲೆ ಜನ ಕಮ್ಮಿಯಾದರೂ ಬಿಡುಗಡೆ ಇಲ್ಲ. ಅಂದಹಾಗೆ ಎಲ್ಲ ಕಡೆ 12% ಅಲ್ಲ, ಬೀಡಿ, ಇಟ್ಟಿಗೆ, ತೆಂಗಿನ ನಾರಿನಂಥ ಉದ್ಯಮಗಳಿಗೆ 10%.

ಈಗ ನನಗೆ ಸಿಟ್ಟು ತರಿಸುವ ವಿಷಯಕ್ಕೆ ಬರುತ್ತೇನೆ. ಒಂದು ಕಾರ್ಖಾನೆ, ಹೆಸರು ಬೇಡ. ತಿಂಗಳಾನುಗಟ್ಟಲೆ ಪೇಸ್ಲಿಪ್‌ನಲ್ಲಿ ಪಿಎಫ್ ಕಟ್, ಖಾತೆಗೆ ಮಾತ್ರ ಸೊನ್ನೆ. ಕೇಳಿದರೆ "ಪಾರ್ಟಿಯಿಂದ ಪೇಮೆಂಟ್ ಬಂದಿಲ್ಲಮ್ಮ, ಬಂದ ಕೂಡಲೇ ಕಟ್ಟೋಣ" ಅನ್ನುವ ಉತ್ತರ. ಪಾರ್ಟಿ, ಅಂದರೆ ಗಿರಾಕಿ ಕೊಡಬೇಕಾದ ಪೇಮೆಂಟ್‌ಗೂ ನೌಕರರ ದುಡ್ಡಿಗೂ ಏನು ಸಂಬಂಧ ಹೇಳಿ? ಸಂಬಳದಿಂದ ಕತ್ತರಿಸಿದ ಕ್ಷಣಕ್ಕೇ ಅದು ಮಾಲೀಕರದಲ್ಲ. ಕತ್ತರಿಸಿ ಕಟ್ಟದೆ ಇಟ್ಟುಕೊಂಡರೆ ಕಾನೂನು ಅದನ್ನು ನಂಬಿಕೆದ್ರೋಹದ ಅಪರಾಧ ಅಂತಲೇ ನೋಡುತ್ತದೆ.

ಸುಮ್ನೆ ಲೆಕ್ಕಕ್ಕೆ ನೋಡಿದರೂ ಇದು ದಡ್ಡತನ. ತಡವಾದರೆ ವರ್ಷಕ್ಕೆ 12% ಬಡ್ಡಿ, 2024ರ ಜೂನ್‌ನಿಂದ ಅದರ ಜೊತೆಗೆ ತಿಂಗಳಿಗೆ 1% ದಂಡ, ಎರಡೂ ಸೇರಿದರೆ ವರ್ಷಕ್ಕೆ 24% ಆಯಿತು. ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಇದಕ್ಕಿಂತ ಸಸ್ತಾ ಅಲ್ವಾ? ಇನ್ನೂ ಇದೆ. ನೌಕರರ ಪಾಲನ್ನು ಗಡುವು ದಾಟಿ ಕಟ್ಟಿದರೆ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಖಡಕ್ಕಾಗಿ ಹೇಳಿತ್ತು.

ಇನ್ನೊಂದು ಚಾಲಾಕಿತನ, ಬೇಸಿಕ್ ಕಮ್ಮಿ ತೋರಿಸಿ ಉಳಿದದ್ದನ್ನೆಲ್ಲ "ಸ್ಪೆಷಲ್ ಅಲೋಯೆನ್ಸ್" ಅಂತ ಬರೆಯುವುದು. ಎಲ್ಲರಿಗೂ ಒಂದೇ ರೀತಿ ಕೊಡುವ ಅಲೋಯೆನ್ಸ್ ಕೂಡ ಪಿಎಫ್ ಲೆಕ್ಕಕ್ಕೆ ಸೇರಬೇಕು ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಪಿಎಫ್ ಹೊರೆ ಜಾಸ್ತಿ ಆಯಿತು ಅಂತ ಈಗ ಕೊಡುತ್ತಿರುವ ಸಂಬಳ ಇಳಿಸುವುದಕ್ಕೂ ಆಗದು. ಹಳೆ ತಿಂಗಳುಗಳಲ್ಲಿ ಕತ್ತರಿಸಲು ಮರೆತದ್ದನ್ನು ಈ ತಿಂಗಳ ಸಂಬಳದಲ್ಲಿ ಒಟ್ಟಿಗೆ ಹಿಡಿದುಕೊಳ್ಳುವುದು ಕೂಡ, ಪಿಎಫ್ ಅಧಿಕಾರಿಗಳ ಒಪ್ಪಿಗೆ ಇಲ್ಲದೆ, ತಪ್ಪು.

"ಕಾರ್ಮಿಕರಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತದೆ" ಅನ್ನುವವರಿಗೆ ನಾನು 2016ರ ಏಪ್ರಿಲ್ ನೆನಪಿಸುತ್ತೇನೆ. ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರು, ಹೆಚ್ಚಿನವರು ಹೆಂಗಸರು, ಹೊಲಿಗೆ ಮಷಿನ್ ಬಿಟ್ಟು ತುಮಕೂರು ರಸ್ತೆ, ಹೊಸೂರು ರಸ್ತೆಗೆ ಇಳಿದರು. 18ಕ್ಕೆ ಶುರುವಾದದ್ದು, 19ಕ್ಕೆ ದೆಹಲಿಯಲ್ಲಿ ನಿಯಮವೇ ವಾಪಸ್. ಮಾಲೀಕರು ಹಾಕುವ ಪಾಲು ತಮ್ಮದೇ ದುಡಿಮೆ ಅಂತ ಅವರಿಗೆ ಯಾವ ಎಚ್‌ಆರ್ ಹೇಳಿಕೊಡಬೇಕಿತ್ತು?

ಈಗ ನಿಮ್ಮ ಕೆಲಸ. ಯುಎಎನ್, ಅಂದರೆ ನಿಮ್ಮ ಪಿಎಫ್ ನಂಬರ್, ಹಾಕಿ ಆನ್‌ಲೈನ್‌ನಲ್ಲಿ ಪಾಸ್‌ಬುಕ್ ತೆರೆಯಿರಿ, ಅಥವಾ ಯುಎಎನ್‌ಗೆ ಜೋಡಿಸಿರುವ ನಂಬರ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಡಿ, ಮೆಸೇಜ್ ಬರುತ್ತದೆ. ಚಲನ್ ಕಟ್ಟಿದ ಮೇಲೆ ಪಾಸ್‌ಬುಕ್‌ಗೆ ಏರಲು ಒಂದಷ್ಟು ದಿನ ಬೇಕು, 16ನೇ ತಾರೀಖಿಗೇ ಜಗಳ ತೆಗೆಯಬೇಡಿ. ವರ್ಷದ ಬಡ್ಡಿ ತಡವಾದರೆ ಅದಕ್ಕೂ ಕಂಪನಿಯನ್ನು ಬೈಯಬೇಡಿ, ಅದು ಪಿಎಫ್ ಇಲಾಖೆ ಹಾಕುವುದು. ಆದರೆ ತಿಂಗಳ ಸಾಲೇ ಕಾಣೆಯಾಗಿದ್ದರೆ ಮೊದಲು ಎಚ್‌ಆರ್‌ಗೆ ಇಮೇಲ್ ಹಾಕಿ, ಬಾಯಿಮಾತು ಬೇಡ. ಉತ್ತರ ಬರದಿದ್ದರೆ ಇಪಿಎಫ್ಒ, ಅಂದರೆ ಪಿಎಫ್ ಇಲಾಖೆಯ ದೂರು ಪೋರ್ಟಲ್ ಇದೆ, ಮನೆಯಲ್ಲೇ ಕೂತು ಹಾಕಬಹುದು. ದೂರಿನ ಜೊತೆ ಆ ತಿಂಗಳ ಪೇಸ್ಲಿಪ್ ಬೇಕಾಗುತ್ತದೆ, ಅದಕ್ಕೇ ಕೆಲಸ ಬಿಡುವ ಮುಂಚೆ ಎಲ್ಲವನ್ನೂ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ, ಬಿಟ್ಟ ಮಾರನೇ ದಿನ ಕಂಪನಿ ಲಾಗಿನ್ ತೆರೆಯುವುದಿಲ್ಲ.