ಕೆಳಗಿನ ದನಿಗೆ ಕಿವಿಗೊಡಿ

ಕೇಳುಗರಿಗೆ ನಮಸ್ಕಾರ.

ಇವತ್ತು ಬಾಯ್ಜ್ ಟು ಮೆನ್ ತಂಡದ ಪ್ರೇಮಗೀತೆಗಳ ಬಗ್ಗೆ ಮಾತಾಡೋಣ. ಅಮೆರಿಕದ ಫಿಲಡೆಲ್ಫಿಯಾ ಊರಿನ ತಂಡ ಇದು. ಸಂಗೀತ, ನಾಟಕ ಕಲಿಸುವ ಒಂದು ಹೈಸ್ಕೂಲಿನ ಹುಡುಗರು ಕಟ್ಟಿದ್ದು. ಶಾಲೆಯ ಟಾಯ್ಲೆಟ್ಟಿನಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದರಂತೆ. ಕಾರಣ, ಅಲ್ಲಿ ದನಿ ಗುಂಯ್ ಅಂತ ತುಂಬಿಕೊಳ್ಳುತ್ತದೆ. ಬಚ್ಚಲಲ್ಲಿ ಹಾಡುವವರಿಗೆಲ್ಲ ಈ ಸುಖ ಗೊತ್ತು, ಅಲ್ವಾ?

1994ರ ಆಗಸ್ಟ್‌ನಲ್ಲಿ ಇವರ ‘ಟು’ ಆಲ್ಬಂ ಬಂತು. ಅದರಲ್ಲಿ ಬೇಬಿಫೇಸ್ ಎಂಬ ಹಾಡುಗಾರ ಬರೆದ ಒಂದು ಹಾಡು, ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ 14 ವಾರ ಕೂತಿತ್ತು. ಕೊನೆಗೆ ಅದನ್ನು ಕೆಳಗಿಳಿಸಿದ್ದು ಇದೇ ಆಲ್ಬಂನ ಇನ್ನೊಂದು ಹಾಡು, ‘ಆನ್ ಬೆಂಡೆಡ್ ನೀ’. ತಮ್ಮ ಹಾಡನ್ನು ತಾವೇ ಹೀಗೆ ಸರಿಸಿದವರು ಅದಕ್ಕೆ ಮೊದಲು ಎಲ್ವಿಸ್ ಪ್ರೆಸ್ಲಿ ಮತ್ತು ಬೀಟಲ್ಸ್ ಮಾತ್ರ.

ದೂರ ಹೋದ ಹುಡುಗಿಯನ್ನು ಮಂಡಿಯೂರಿ ಬೇಡಿಕೊಳ್ಳುವ ಹಾಡು ಅದು. ಚರಣಗಳಲ್ಲಿ ಒಬ್ಬೊಬ್ಬರೇ ಬೇಡುತ್ತಾರೆ. ಪಲ್ಲವಿ ಬಂದಾಗ ಎಲ್ಲರೂ ಕೂಡಿಕೊಳ್ಳುತ್ತಾರೆ. ಒಬ್ಬನ ಅಳಲಿಗೆ ಮೂವರು ಗೆಳೆಯರು ಹೆಗಲು ಕೊಟ್ಟ ಹಾಗೆ. ಮಾತು ತೀರಾ ಸರಳ, ಬರೆದು ಓದಿದರೆ ಏನೂ ಅನ್ನಿಸದೆ ಹೋಗಬಹುದು. ಹಾಡು ನಮ್ಮನ್ನು ಹಿಡಿಯುವುದು ಈ ಕೂಡುವಿಕೆಯಲ್ಲಿ.

ತಂಡದ ವಾನ್ಯಾ ಮಾರಿಸ್ ಒಂದೇ ಅಕ್ಷರವನ್ನು ಎಳೆದು, ತಿರುಗಿಸಿ, ಹತ್ತು ಸ್ವರ ಮುಟ್ಟಿಸುವುದನ್ನು ಕೇಳಿ. ಆಲಾಪ ಕೇಳಿ ಬೆಳೆದ ನಮ್ಮ ಕಿವಿಗೆ ಅದು ತಕ್ಷಣ ಹತ್ತಿರವಾಗುತ್ತದೆ. ಶಾನ್ ಸ್ಟಾಕ್‌ಮನ್ ಅವರದು ಇನ್ನೂ ಮೃದು. ನೇಥನ್ ಮಾರಿಸ್ ನಡುವಿನ ದನಿ. ನಮಗೆ ತಪ್ಪಿಹೋಗುವುದು ನಾಲ್ಕನೆಯವರು, ಮೈಕಲ್ ಮೆಕ್ಯಾರಿ. ನಮ್ಮ ಸಂಗೀತದಲ್ಲಿ ಒಂದೇ ರಾಗದ ಎಳೆ ಹಿಡಿದು ಹೋಗುವುದು ರೂಢಿ. ಹಾಗಾಗಿ ಕಿವಿ ಸುಮ್ನೆ ಮೇಲಿನ ದನಿಯ ಹಿಂದೆ ಹೋಗಿಬಿಡುತ್ತದೆ. ಮೆಕ್ಯಾರಿ ತೀರಾ ಕೆಳಗೆ, ಮಂದ್ರದಲ್ಲಿ ಇರುತ್ತಾರೆ. ಅವರಿದ್ದಾರೆ ಅಂತಲೇ ಮೇಲಿನವರು ಅಷ್ಟು ಧೈರ್ಯವಾಗಿ ಹಾರಾಡುತ್ತಾರೆ.

ಆಲ್ಬಂನ ಕೊನೆಗೆ ಬೀಟಲ್ಸ್‌ನವರ ‘ಯೆಸ್ಟರ್‌ಡೇ’ ಇದೆ. ವಾದ್ಯ ಒಂದೂ ಇಲ್ಲ, ಬರೀ ಗಂಟಲು. ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ರಾಗವನ್ನು ಬಿಟ್ಟು ಕೆಳಗಿನ ದನಿಯನ್ನಷ್ಟೇ ಹಿಂಬಾಲಿಸಿ. ಪರಿಚಯದ ಹಾಡೇ ಬೇರೆಯಾಗಿ ಕೇಳಿಸುತ್ತದೆ.

ಅನಾರೋಗ್ಯದಿಂದಾಗಿ ಮೆಕ್ಯಾರಿ 2003ರಲ್ಲಿ ತಂಡ ಬಿಟ್ಟರು. ಉಳಿದ ಮೂವರು ಹಾಡುವುದನ್ನು ನಿಲ್ಲಿಸಲಿಲ್ಲ, ಚೆನ್ನಾಗಿಯೇ ಹಾಡುತ್ತಾರೆ. ಆದರೆ ಆ ತಳದ ದನಿ ಬೇಕೆಂದರೆ ಈ ಹಳೆಯ ಆಲ್ಬಂಗಳಿಗೇ ಹೋಗಬೇಕು.

ನಮಸ್ಕಾರ.