ಇಳಿದ ತೂಕ, ಏರಿದ ಕುದುರೆ

ಕೇಳುಗರಿಗೆ ನಮಸ್ಕಾರ. ಬಹಳಷ್ಟು ತೂಕ ಇಳಿಸಿಕೊಂಡ ಮೇಲೆ ಮತ್ತೆ ಕುದುರೆ ಹತ್ತಿದ ಕಥೆ ಇದು.

ಮಳೆಗಾಲ ಬಂತೆಂದರೆ ಪುಣೆಯ ಕ್ಯಾಂಪ್ ಭಾಗದ ರೇಸ್‌ಕೋರ್ಸಿಗೆ ಕಳೆ ಬರುತ್ತದೆ. 1830ರಿಂದ ಇರುವ ಮೈದಾನ ಅದು. ಮುಂಬೈಯ ಮಹಾಲಕ್ಷ್ಮಿಯಲ್ಲಿ ಚಳಿಗಾಲದ ಪಂದ್ಯಗಳನ್ನು ಮುಗಿಸಿದ ಕುದುರೆಗಳು ಈ ಹೊತ್ತಿಗೆ ಘಟ್ಟ ಹತ್ತಿ ಇಲ್ಲಿಗೆ ಬಂದಿರುತ್ತವೆ. ಜೂಜಿನ ಗೊಡವೆ ನನಗಿಲ್ಲ. ನನಗೆ ಇಷ್ಟವಾಗುವುದು ಅಲ್ಲಿಯ ತಕ್ಕಡಿ. ಪ್ರತಿ ಜಾಕಿಯೂ ಪಂದ್ಯಕ್ಕೆ ಮೊದಲು ಜೀನಿನ ಸಮೇತ ತೂಗಿಸಿಕೊಳ್ಳಬೇಕು. ಗೆದ್ದು ಬಂದವನು ಮತ್ತೊಮ್ಮೆ ತೂಗಿಸಿಕೊಳ್ಳಬೇಕು. ಹ್ಯಾಂಡಿಕ್ಯಾಪ್ ಪಂದ್ಯವಾದರೆ ಬಲಶಾಲಿ ಕುದುರೆಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಿಮೆ ಭಾರ. ಜಾಕಿಯ ತೂಕ ನಿಗದಿಗಿಂತ ಕಡಿಮೆಯಾದರೆ ಜೀನಿನ ಕೆಳಗಿನ ಬಟ್ಟೆಯ ಜೇಬುಗಳಿಗೆ ಸೀಸದ ತಗಡು ತುಂಬುತ್ತಾರೆ. ನಾವು ಬೆವರು ಸುರಿಸಿ ಕಳೆದುಕೊಳ್ಳುವುದನ್ನು ಅಲ್ಲಿ ಎಣಿಸಿ ಎಣಿಸಿ ಸೇರಿಸುತ್ತಾರೆ. ಆ ತಕ್ಕಡಿಯ ಮುಂದೆ ಯಾರೂ ನಾಚುವುದಿಲ್ಲ, ಯಾರನ್ನೂ ಯಾರೂ ಹಂಗಿಸುವುದಿಲ್ಲ. ಅಲ್ಲಿ ತೂಕವೆಂದರೆ ಬರೀ ಲೆಕ್ಕ.

ನಾನು ಧಾರವಾಡದವಳು. ಬೆಂಗಳೂರಿನಲ್ಲಿ ಓದುವಾಗ ಹೆಬ್ಬಾಳದ ಎನ್‌ಸಿಸಿ ಕುದುರೆ ತುಕಡಿಯಲ್ಲಿ ಸವಾರಿ ಕಲಿತೆ. ಆಮೇಲೆ ಬ್ಯಾಂಕಿನ ಕೆಲಸ, ಮದುವೆ, ಪುಣೆ, ಮಕ್ಕಳು. ಕುರ್ಚಿಯಲ್ಲಿ ಕೂತೇ ಕಾಲ ಕಳೆದು ಮೈ ಬೆಳೆಯಿತು, ಅದರ ಹಿಂದೆಯೇ ಸಕ್ಕರೆ ಕಾಯಿಲೆ ಬಂತು. ತೂಕ 106 ಕಿಲೋ ಮುಟ್ಟಿದ್ದಾಗ ನಗರದ ಹೊರಗಿನ ಒಂದು ಸವಾರಿ ಶಾಲೆಗೆ ಫೋನ್ ಮಾಡಿ ವಿಚಾರಿಸಿದ್ದೆ. ತೂಕ ಕೇಳಿದರು, ಹೇಳಿದೆ. ಆ ಕಡೆಯಿಂದ ಒಂದು ನಗು ಕೇಳಿಸಿತು, ಫೋನ್ ಇಟ್ಟರು. ತೂಕ ಕೇಳಿದ್ದಕ್ಕೆ ನನಗೆ ಬೇಸರವಿಲ್ಲ, ಕೇಳಲೇಬೇಕಾದ ಪ್ರಶ್ನೆ ಅದು. ನಗು ಮಾತ್ರ ಬೇಡವಾಗಿತ್ತು. ಮುಂದೆ ವೈದ್ಯರ ನಿಗಾದಲ್ಲಿ ಊಟದ ಕ್ರಮ ಬದಲಿಸಿ, ನಡೆದು, ಬೆಟ್ಟ ಹತ್ತಿ ತೂಕ 68ಕ್ಕೆ ಇಳಿಸಿದೆ. ಅದು ದೊಡ್ಡ ಕಥೆ, ಅಂಥ ಕಥೆಗಳನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ತೂಕ ಇಳಿದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ.

ಕನ್ನಡ ಬಳಗದ ಕಾರ್ಯಕ್ರಮಗಳಿಗೆ ಹೋದರೆ ಅರ್ಧ ಜನ ಭೇಷ್ ಎನ್ನುತ್ತಾರೆ, ಉಳಿದರ್ಧ ಜನ ಪಕ್ಕಕ್ಕೆ ಕರೆದು, "ಹೀಗೇಕೆ ಸೊರಗಿದ್ದೀರಿ, ಮೈಯಲ್ಲಿ ಹುಷಾರಿಲ್ಲವೇ?" ಎಂದು ಪಿಸುಗುಟ್ಟುತ್ತಾರೆ. ಊರಿನಿಂದ ಅವ್ವ ಫೋನಿನಲ್ಲಿ, "ಕುದುರೆ ಅಂತೀಯಲ್ಲ, ಮೊದಲು ಹೊಟ್ಟೆ ತುಂಬ ರೊಟ್ಟಿ ತಿನ್ನು" ಎಂದಳು. ಎಲ್ಲರ ಲೆಕ್ಕದಲ್ಲೂ ಒಂದು ಮಾತು ಮಾತ್ರ ಗಟ್ಟಿ: ಹಗುರವಾಗಿದ್ದಾಳೆ, ಇನ್ನು ಕುದುರೆ ಸವಾರಿ ಸಲೀಸು.

ಹಾಗಾಗುವುದಿಲ್ಲ. ತೂಕ ಇಳಿಯುವಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ವ್ಯಾಯಾಮ, ಪ್ರೋಟೀನು ಎರಡರ ಕಡೆಗೂ ಗಮನ ಕೊಡದಿದ್ದರೆ ಕಳೆದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ್ದೇ ಇರಬಹುದು. ಸವಾರನನ್ನು ಜೀನಿನ ಮೇಲೆ ನಿಲ್ಲಿಸುವುದು ತೊಡೆಯ ಒಳಭಾಗ, ಸೊಂಟ, ಹೊಟ್ಟೆಯ ಆಳದ ಸ್ನಾಯುಗಳು. ಕೆಳಗೆ ಕೂರುವ ಮೂಳೆಗಳಿಗೆ ಮೊದಲಿದ್ದ ಮೆತ್ತೆ ಈಗಿಲ್ಲ, ಗಟ್ಟಿ ತೊಗಲಿನ ಜೀನು ನೇರವಾಗಿ ಮೂಳೆಗೇ ತಾಗುತ್ತದೆ. ಸಡಿಲವಾಗಿ ಉಳಿದ ಚರ್ಮ ತೊಡೆಯ ಸಂದಿಯಲ್ಲಿ ಮಡಿಕೆ ಬಿದ್ದು, ಉಜ್ಜಿ, ಕೆಂಪಗೆ ಸುಲಿಯುತ್ತದೆ. ಈ ಭಾಗವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ: ಒಳಗೆ ಮೈಗೆ ಬಿಗಿಯಾಗಿ ಕೂರುವ, ಹೊಲಿಗೆ ಒತ್ತದ ಉದ್ದ ಚಡ್ಡಿ ಬೇಕು, ಅದರ ಮೇಲೆ ಸವಾರಿಯ ಪ್ಯಾಂಟು. ಜೀನ್ಸ್ ಪ್ಯಾಂಟು ಹಾಕಿಕೊಂಡು ಹೋದರೆ ಎರಡು ದಿನ ಕಾಲು ಅಗಲಿಸಿಯೇ ನಡೆಯಬೇಕಾಗುತ್ತದೆ. ಹಳೆಯ ಹೆಲ್ಮೆಟ್ ಕೂಡ ಸಡಿಲವಾಗಬಹುದು. ಹಳೆಯದು ಹೇಗಿದ್ದರೂ ಬೇಡ. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಆಗಲಿ, ಐದು ವರ್ಷ ದಾಟಿದ ಹೆಲ್ಮೆಟ್ ಆಗಲಿ ತಲೆ ಕಾಯುತ್ತದೆಂದು ನಂಬಬಾರದು.

ನನಗೆ ಕಲಿಸುವವರು ಸೇನೆಯ ಅಶ್ವದಳದಿಂದ ನಿವೃತ್ತರಾದ ರಿಸಾಲ್ದಾರ್ ಸಾಹೇಬರು, ಸಾತಾರಾ ಕಡೆಯವರು. ನಾನು ಹಿಂದೆ ಕಲಿತವಳೆಂದು ಹೇಳಿಕೊಂಡಾಗ ತಲೆ ಅಲ್ಲಾಡಿಸಿ, "ಮೇಡಂ, ಕಲಿತದ್ದು ಆ ಮೈ. ಇದಕ್ಕೆ ಇನ್ನೂ ಪಾಠವಾಗಿಲ್ಲ" ಎಂದರು. ಪಾದ ಊರುವ ರಿಕಾಬನ್ನು ಬಹಳ ಕಾಲ ಕೊಡಲೇ ಇಲ್ಲ. ಉದ್ದ ಹಗ್ಗ ಕಟ್ಟಿ, ಅವರು ನಡುವೆ ನಿಂತು, ಕುದುರೆಯನ್ನು ಸುತ್ತಲೂ ನಡೆಸುವುದು. ನಾನು ಕಾಲು ಇಳಿಬಿಟ್ಟು, ಲಗಾಮು ಹಿಡಿಯದೆ, ಕೈಗಳನ್ನು ಅಗಲಕ್ಕೆ ಚಾಚಿ ಕೂರುವುದು. ಹಿಂದೆ ದಪ್ಪ ಹೊಟ್ಟೆಯ ಭಾರಕ್ಕೆ ಎದುರಾಗಿ ಬೆನ್ನನ್ನು ಹಿಂದಕ್ಕೆ ಬಾಗಿಸಿ ಕೂರುವುದು ರೂಢಿಯಾಗಿತ್ತು. ಹೊಟ್ಟೆ ಹೋಗಿದೆ, ಬೆನ್ನಿಗೆ ಆ ಸುದ್ದಿ ಮುಟ್ಟಿಲ್ಲ. ಹಾಗಾಗಿ ನಾನು ನೇರ ಕೂತಿದ್ದೇನೆ ಎಂದುಕೊಂಡಾಗೆಲ್ಲ ಹಿಂದಕ್ಕೆ ವಾಲಿರುತ್ತಿದ್ದೆ. ಕುದುರೆಗೆ ಅದು ತಕ್ಷಣ ತಿಳಿಯುತ್ತದೆ, ಕಿವಿಯನ್ನು ಹಿಂದಕ್ಕೆ ತಿರುಗಿಸಿ ಹೆಜ್ಜೆ ನಿಧಾನಿಸುತ್ತದೆ. "ಕುದುರೆ ಕಂಡರೆ ಕಾಲುನೋವು" ಎಂಬ ಗಾದೆ ಸೋಮಾರಿಗಳಿಗೆ. ನನಗೆ ನೋವು ಬರುತ್ತಿದ್ದದ್ದು ಇಳಿದ ಮೇಲೆ.

ಟ್ರಾಟ್ ಎಂಬ ಕುಲುಕು ಓಟದಲ್ಲಿ ಎಲ್ಲವೂ ಬಯಲಾಗುತ್ತದೆ. ಅದರಲ್ಲಿ ಕುದುರೆ ಮೂಲೆಗೆ ಮೂಲೆಯ ಕಾಲುಗಳನ್ನು ಜೋಡಿಯಾಗಿ ಎತ್ತಿಡುತ್ತದೆ: ಎಡಗಡೆಯ ಮುಂಗಾಲಿನೊಂದಿಗೆ ಬಲಗಡೆಯ ಹಿಂಗಾಲು, ಆಮೇಲೆ ಇನ್ನೊಂದು ಜೋಡಿ. ಎರಡು ಪೆಟ್ಟಿನ ತಾಳ. ಸವಾರ ಒಂದು ಪೆಟ್ಟಿಗೆ ಏಳಬೇಕು, ಇನ್ನೊಂದಕ್ಕೆ ಕೂರಬೇಕು. ತಾಳ ತಪ್ಪಿದರೆ ಪ್ರತಿ ಹೆಜ್ಜೆಗೂ ಮೈ ದೊಪ್ಪೆಂದು ಕುದುರೆಯ ಬೆನ್ನಿಗೆ ಬೀಳುತ್ತದೆ. ಸೊಂಟದ ಮೇಲೆ ಎತ್ತಿಕೊಂಡ ಮಗು ಎಚ್ಚರವಿರುವಾಗ ಹಗುರ, ನಿದ್ದೆ ಹೋದೊಡನೆ ಭಾರ. ತಾಯಂದಿರಿಗೆ ಗೊತ್ತಿರುವ ಈ ಸಂಗತಿ ಕುದುರೆಗೂ ಗೊತ್ತು. ಸ್ನಾಯುಬಲವಿಲ್ಲದ 68 ಕಿಲೋದ ನನ್ನನ್ನು ಹೊರುವುದಕ್ಕಿಂತ, ತಾಳ ತಪ್ಪದ 80 ಕಿಲೋದ ರಿಸಾಲ್ದಾರರನ್ನು ಹೊರುವುದು ಅದಕ್ಕೆ ಸುಖವೆಂದು ಮೊದಮೊದಲು ಕಣ್ಣಿಗೇ ಕಾಣುತ್ತಿತ್ತು.

ಹಾಗೆಂದು ಲೆಕ್ಕವನ್ನು ಗಾಳಿಗೆ ತೂರುವಂತಿಲ್ಲ. ಜೀನು, ಸವಾರ, ಬೂಟು ಎಲ್ಲ ಸೇರಿ ಕುದುರೆಯ ಸ್ವಂತ ತೂಕದ ನೂರಕ್ಕೆ 20 ಭಾಗ ಮೀರಬಾರದೆಂಬುದು ಸಾಮಾನ್ಯ ಮಿತಿ. ಅಮೆರಿಕದ ಓಹಾಯೋದಲ್ಲಿ ಎಂಟು ಕುದುರೆಗಳ ಮೇಲೆ 15, 20, 25, 30 ಪ್ರತಿಶತ ಭಾರ ಹೊರಿಸಿ ಪರೀಕ್ಷಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಭಾರ 25 ಪ್ರತಿಶತಕ್ಕೆ ಏರಿದಾಗ ಹೃದಯದ ಬಡಿತ ಹೆಚ್ಚಿತು, ಬೆನ್ನಿನ ಸ್ನಾಯುಗಳಲ್ಲಿ ನೋವು ಬಿಗಿತ ಕಂಡಿತು. ಸೊಂಟ ಅಗಲವಿದ್ದ, ಕಾಲಿನ ಮೂಳೆ ದಪ್ಪವಿದ್ದ ಕುದುರೆಗಳಿಗೆ ನೋವು ಕಡಿಮೆ. ಈಗ ನನ್ನ ಹಳೆಯ ತೂಕ ಹಿಡಿದು ನೋಡಿ: 106 ಕಿಲೋದ ಮೇಲೆ ಜೀನು, ಬೂಟು, ಹೆಲ್ಮೆಟ್ ಎಂದು ಹತ್ತು ಸೇರಿಸಿದರೆ 116. ಅದನ್ನು ಹೊರಲು 580 ಕಿಲೋ ತೂಗುವ ಕುದುರೆ ಬೇಕು. ರೇಸಿನ ಥರೋಬ್ರೆಡ್ ಕುದುರೆಗಳೇ ಸಾಮಾನ್ಯವಾಗಿ 450–500 ಕಿಲೋ. ನಮ್ಮ ಮಾರ್ವಾಡಿ, ಕಾಠಿಯಾವಾಡಿ ತಳಿಗಳು ಅದಕ್ಕಿಂತ ಸಣ್ಣವು. ಭೀಮಾ ತೀರದ ಭೀಮಥಡಿ ತಳಿಯಂತೂ ಇನ್ನೂ ಗಿಡ್ಡ. ಮರಾಠಾ ಪಡೆಗಳನ್ನು ಹೊತ್ತು ದಖ್ಖನಿನ ಕಲ್ಲುದಾರಿಗಳನ್ನು ತುಳಿದ ಗಟ್ಟಿ ಕುದುರೆ ಅದು. ಇಂದಿಗೂ ಧನಗರ ಕುರುಬರು ಕುರಿಹಿಂಡಿನೊಂದಿಗೆ ಅಲೆಯುವಾಗ ಗಂಟುಮೂಟೆಗಳನ್ನು ಅದರ ಬೆನ್ನ ಮೇಲೇ ಹೇರುತ್ತಾರೆ. ಗಟ್ಟಿ ಎಂದ ಮಾತ್ರಕ್ಕೆ ಅದರ ಮೇಲೆ ನಾನು ಕೂರಬಹುದೆಂದೇನೂ ಅಲ್ಲ.

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಮಾಥೇರಾನಿಗೆ ಹೋಗಿ ನೋಡಿ. ಕಾರು, ಬೈಕುಗಳಿಗೆ ನಿಷೇಧವಿರುವ ಗಿರಿಧಾಮ ಅದು. ದಸ್ತೂರಿ ನಾಕಾದಲ್ಲಿ ಕಾರು ಬಿಟ್ಟ ಮೇಲೆ ನಡೆಯಬಹುದು, ಪುಟ್ಟ ರೈಲನ್ನೋ ಇ-ರಿಕ್ಷಾವನ್ನೋ ಹಿಡಿಯಬಹುದು, ಇಲ್ಲವೇ ಕುದುರೆ ಹತ್ತಬಹುದು. ಕೆಂಪು ಮಣ್ಣಿನ ಏರುದಾರಿಯಲ್ಲಿ ಸಣ್ಣ ಕುದುರೆಗಳ ಮೇಲೆ ಎಂತೆಂಥ ದೇಹಗಳು ಕೂತು ಸಾಗುತ್ತವೆಂದು ನೋಡಿದರೆ ಜೀವ ಹಿಂಡುತ್ತದೆ. ಕುದುರೆಯವನ ಹೊಟ್ಟೆಪಾಡು ಅದು, ಅವನು ಗಿರಾಕಿಗೆ ಇಲ್ಲವೆನ್ನಲಾರ. ಇಲ್ಲವೆನ್ನಬೇಕಾದವರು ಹತ್ತುವವರೇ. ನೂರು ಕಿಲೋ ಮೇಲಿದ್ದಾಗ ಮನೆಯವರೆಲ್ಲ ಕುದುರೆ ಹತ್ತಿದರೂ ನಾನು ಅಲ್ಲಿ ನಡೆದೇ ಹೋಗಿದ್ದೇನೆ. ಜಿಪುಣತನವೆಂದು ನಕ್ಕರು, ನಗಲಿ.

ಆರೋಗ್ಯದ ವಿಷಯಕ್ಕೆ ಬರೋಣ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ತೂಕ ಇಳಿದ ಮೇಲೆ ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ, ಸವಾರಿಯ ಶ್ರಮಕ್ಕೆ ರಕ್ತದ ಸಕ್ಕರೆ ಕೆಳಗಿಳಿದು ಕುದುರೆಯ ಮೇಲೆಯೇ ಕಣ್ಣು ಕತ್ತಲಿಡುವ ಅಪಾಯವಿದೆ. ವೈದ್ಯರಿಗೆ ಹೇಳಿ ಪ್ರಮಾಣ ಸರಿಮಾಡಿಸಿಕೊಳ್ಳಬೇಕು. ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತೂಕ ಇಳಿಸಿದವರಲ್ಲಿ ಮೂಳೆಯ ಸಾಂದ್ರತೆ ಕಡಿಮೆಯಾಗುವುದುಂಟು. ಕ್ಯಾಲ್ಸಿಯಂ, ಡಿ ಮತ್ತು ಬಿ12 ಜೀವಸತ್ವ, ಕಬ್ಬಿಣ ಇವುಗಳ ಪರೀಕ್ಷೆ ಮಾಡಿಸದೆ ಕುದುರೆ ಹತ್ತಬಾರದು, ಏಕೆಂದರೆ ಕುದುರೆ ಹತ್ತಿದವರು ಒಂದಲ್ಲ ಒಂದು ದಿನ ಬೀಳುತ್ತಾರೆ. ನಾನು ಜೇಬಿನಲ್ಲಿ ಬೆಲ್ಲದ ಚೂರುಗಳನ್ನು ಇಟ್ಟುಕೊಂಡಿರುತ್ತೇನೆ. ನನಗೆ ಬೇಕಾಗಿ ಬಂದದ್ದು ಅಪರೂಪ. ಕುದುರೆಗೆ ಮಾತ್ರ ವಾಸನೆ ಹತ್ತಿ, ಜೀನು ಬಿಗಿಯುವ ಮೊದಲೇ ಮೂತಿಯನ್ನು ಜೇಬಿಗೆ ತುರುಕುತ್ತದೆ.

ಜೀನು ಬಿಗಿಯುವುದೂ ಒಂದು ನೋಟವೇ. ಹೊಟ್ಟೆಪಟ್ಟಿ ಎಳೆಯುವಾಗ ನಮ್ಮ ಕಂದು ಕುದುರೆ ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ಕುದುರೆ ನೋಡಿಕೊಳ್ಳುವ ಸಾಯಿಸ್ ಹುಡುಗ ಪಟ್ಟಿಯನ್ನು ಒಂದು ರಂಧ್ರಕ್ಕೆ ಸಿಕ್ಕಿಸಿ, ನಾಲ್ಕು ಹೆಜ್ಜೆ ನಡೆಸಿ, ಅದು ಉಸಿರು ಬಿಟ್ಟ ಹೊತ್ತು ನೋಡಿ ಇನ್ನೆರಡು ರಂಧ್ರ ಎಳೆಯುತ್ತಾನೆ. ಆಮೇಲೂ ನಾನು ನೆಲದಿಂದ ನೇರವಾಗಿ ಹತ್ತುವುದಿಲ್ಲ. ಹಾಗೆ ಹತ್ತಿದರೆ ಜೀನು ಒಂದು ಕಡೆಗೆ ಎಳೆದು ಕುದುರೆಯ ಬೆನ್ನು ತಿರುಚುತ್ತದೆ. ಮೂರು ಮೆಟ್ಟಿಲಿನ ಮರದ ಸ್ಟೂಲಿದೆ, ಅದರ ಮೇಲೆ ನಿಂತು ಹತ್ತುತ್ತೇನೆ. ತೆಳ್ಳಗಿನ ಹದಿಹರೆಯದ ಹುಡುಗಿಯರೂ ಹಾಗೇ ಹತ್ತಬೇಕೆಂಬುದು ರಿಸಾಲ್ದಾರರ ಕಟ್ಟಪ್ಪಣೆ.

ಕೊನೆಗೆ ಒಂದು ಸೂತ್ರ, ಪೆನ್ನು ಹಿಡಿದು ಬರೆದುಕೊಳ್ಳಿ. ಸವಾರಿ ಶಾಲೆಯವರು ನಿಮ್ಮ ತೂಕ ಕೇಳಿದರೆ ನೀವು ಕುದುರೆಯ ತೂಕ ಕೇಳಿ. ಉತ್ತರ ಬಾರದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಎಷ್ಟು ಸೆಂಟಿಮೀಟರ್ ಎಂದು ಅಳೆಯಿರಿ, ಅದನ್ನು ಅದರಿಂದಲೇ ಗುಣಿಸಿ. ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ. ಬಂದದ್ದನ್ನು 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋ ತೂಕ ಸಿಗುತ್ತದೆ. ನಮ್ಮ ಲಾಯಕ್ಕೆ ಹೊಸದಾಗಿ ಬಂದಿರುವ ಬಿಳಿ ಕುದುರೆಯನ್ನು ಹೋದ ವಾರ ಅಳೆದೆವು. ಸುತ್ತಳತೆ 170, ಉದ್ದ 155, ತೂಕ ಸುಮಾರು 377 ಕಿಲೋ. ಅದರ ನೂರಕ್ಕೆ 20 ಭಾಗವೆಂದರೆ 75 ಕಿಲೋ, ಜೀನು ಬೂಟುಗಳಿಗೆ ಹತ್ತು ಕಳೆದರೆ ಸವಾರನ ಪಾಲಿಗೆ ಉಳಿಯುವುದು 65. ಕುದುರೆ ಬಹಳ ಚೆಂದವಿದೆ. ಆದರೆ ಅದಕ್ಕೆ ನಾನು ಮೂರು ಕಿಲೋ ಹೆಚ್ಚು. ಅದನ್ನು ಹುಡುಗಿಯರಿಗೆ ಬಿಟ್ಟು, ನಾನು ನನ್ನ ಎತ್ತರದ ಕಂದು ಕುದುರೆಯನ್ನೇ ಹತ್ತುತ್ತಿದ್ದೇನೆ.

ನಮಸ್ಕಾರ.